ತೊಂಬತ್ತೇಳನೇ ಪುಟ

ನನ್ನ ಅಕ್ಕನ ಮಗಳು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವವಳು. ಆರು ವರ್ಷ ಕೂತು ಒಂದು ಕಾದಂಬರಿ ಬರೆದಳು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸಾಲಿನ ತಲೆ ಮರೆತಿರುತ್ತದೆ. ಆದರೆ ನಲವತ್ತು ವರ್ಷ ಒಂದು ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಕಟ್ಟಿದ್ದೇನೆ. ಅಚ್ಚಾದ ಹಾಳೆ ಮಡಿಸಿ, ಹೊಲಿದು, ರಟ್ಟು ಅಂಟಿಸಿ, ಅಂಚು ಕತ್ತರಿಸುವುದೇ ನನ್ನ ಕಸುಬು.

ಅವಳಿಗೆ ಒಬ್ಬ ಪ್ರಕಾಶಕ ಸಿಕ್ಕಿದ್ದ. ಆರು ತಿಂಗಳ ಸಂಬಳದಷ್ಟು ದುಡ್ಡು ಇವಳು ಹಾಕಬೇಕಂತೆ; ವರ್ಷದೊಳಗೆ ಎರಡು ವರ್ಷದ ಸಂಬಳ ಕೈಗೆ ಬರುತ್ತದಂತೆ.

"ಮಾವ, ಸೋಮವಾರ ಕೆಲಸ ಬಿಡ್ತೀನಿ. ಇನ್ಮೇಲೆ ಬರೆಯೋದೇ," ಎಂದಳು. ರಾಜೀನಾಮೆ ಪತ್ರ ಆಗಲೇ ಅವಳ ಚೀಲ ಸೇರಿತ್ತು.

ನನಗೆ ಒಳಗೊಳಗೇ ಅಳುಕು. ಶನಿವಾರ ಅವಳು ದುಡ್ಡು ಕಟ್ಟಲು ಹೊರಟಾಗ ಜೊತೆಗೆ ಹೋದೆ.

ಎರಡನೇ ಮಹಡಿಯ ಕೋಣೆ. ಗೋಡೆ ತುಂಬ ಲೇಖಕರ ಫೋಟೋ, ಪುಸ್ತಕಕ್ಕೆ ಒಂದೇ ಕಪಾಟು. ಬಣ್ಣದ ವಾಸನೆ ಹೊಡೆಯುತ್ತಿತ್ತು. ಪುಸ್ತಕ ಮಾರುವವನ ಕೋಣೆಯಲ್ಲಿ ಕಾಗದದ ವಾಸನೆ ಇಲ್ಲದಿದ್ದರೆ ನನ್ನ ಮೂಗು ನಂಬುವುದಿಲ್ಲ.

"ಬನ್ನಿ ಯಜಮಾನ್ರೇ. ನಿಮ್ಮ ಹುಡುಗಿ ಬರವಣಿಗೆ ಚಿನ್ನ, ಚಿನ್ನ!" ಎಂದ ಪ್ರಕಾಶಕ.

"ಚಿನ್ನ ನಮ್ದು ಅಂದ್ಮೇಲೆ ದುಡ್ಡು ನೀವು ಕೊಡ್ಬೇಕಲ್ವಾ ಸ್ವಾಮಿ?"

"ಮಾವ, ಸುಮ್ನಿರಿ," ಎಂದು ಅವಳು ಮೊಣಕೈಯಲ್ಲಿ ತಿವಿದಳು.

ಅವನು ನಗುತ್ತಲೇ ಕಪಾಟಿನಿಂದ ಒಂದು ಪುಸ್ತಕ ತೆಗೆದುಕೊಟ್ಟ. "ಇವರದ್ದೂ ಮೊದಲ ಕಾದಂಬರಿ. ಸಲಕ್ಕೆ ಐನೂರರಂತೆ ನಾಲ್ಕು ವರ್ಷದಲ್ಲಿ ನಾಲ್ಕನೇ ಮುದ್ರಣ."

ರಟ್ಟು ಹೊಸದು. ಆದರೆ ಬೆನ್ನು ಸವರಿದಾಗ ಕೈಗೆ ಯಾಕೋ ಪರಿಚಯ ಹತ್ತಿತು. ಹಾಳೆ ತಿರುವುತ್ತಾ ಹೋದೆ. ತೊಂಬತ್ತೇಳನೇ ಪುಟದಲ್ಲಿ ನಿಂತೆ. ಸಂಖ್ಯೆಯ ತಲೆ ಇತ್ತು, ಕಾಲಿರಲಿಲ್ಲ. ನೂರ ಹನ್ನೆರಡರವರೆಗೂ ಹಾಗೇ.

ನಾಲ್ಕು ವರ್ಷದ ಹಿಂದೆ ಮೈ ಸುಡುವ ಜ್ವರದಲ್ಲಿ ಆ ಹದಿನಾರು ಪುಟದ ಹಾಳೆಯನ್ನು ಮಡಿಸಿದವನು ನಾನೇ. ಐನೂರೂ ಸೊಟ್ಟ. ಅಂಚು ಕತ್ತರಿಸಿದಾಗ ಸಂಖ್ಯೆಗಳ ಕಾಲು ಹಾರಿಹೋಯಿತು. ಅಂಗಡಿಯ ಯಜಮಾನನಿಗೆ ಹೇಳದೆ ಕಟ್ಟಿ ಕಳಿಸಿಬಿಟ್ಟೆ. ಇವತ್ತಿನವರೆಗೆ ಹೆಂಡತಿಗೂ ಗೊತ್ತಿಲ್ಲ. ಇವಳಂತೂ ಚಿಕ್ಕಂದಿನಿಂದ ನನ್ನ ಕೈಕೆಲಸವನ್ನು ಕಂಡವರ ಮುಂದೆಲ್ಲ ಹೊಗಳಿಕೊಂಡು ಬಂದವಳು.

ಅವಳು ಚೀಲದ ಜಿಪ್ಪು ಎಳೆದಳು.

"ತಡಿ ಮಗಾ," ಎಂದೆ. "ಇದನ್ನ ಮಡಿಸಿದ್ದು ನಾನು. ಹಾಳು ಮಾಡಿದ್ದೂ ನಾನೇ." ಪುಟ ತೋರಿಸಿ ಎಲ್ಲ ಹೇಳಿದೆ. "ಮತ್ತೆ ಅಚ್ಚು ಹಾಕಿದ್ದಿದ್ರೆ ಈ ನಂಬರಿಗೆ ಕಾಲು ಬಂದಿರ್ಬೇಕಿತ್ತು. ಮೊದಲನೇ ಐನೂರೇ ಖರ್ಚಾಗಿಲ್ಲ. ರಟ್ಟು, ಮೊದಲ ಹಾಳೆ ಮಾತ್ರ ಬದಲಾಯಿಸಿದ್ದಾರೆ. ಇಲ್ಲಿ ಮುಟ್ಟು, ಅಂಟು ಉಬ್ಬಿದೆ."

ಪ್ರಕಾಶಕ ಪುಸ್ತಕಕ್ಕೆ ಕೈ ಚಾಚಿದ. "ಹಳೇದೊಂದು ಪ್ರತಿ ಹೇಗೋ ಸೇರ್ಕೊಂಡಿರ್ಬೇಕು."

ಅವಳು ಎದ್ದು ಕಪಾಟಿನಿಂದ ಅದೇ ಪುಸ್ತಕದ ಇನ್ನೂ ಮೂರು ಪ್ರತಿ ತಂದಳು. ಎಲ್ಲದರ ಮೇಲೂ ನಾಲ್ಕನೇ ಮುದ್ರಣ ಎಂದಿತ್ತು. ರಕ್ತದ ಗಾಜು ನೋಡುವ ಹಾಗೆ ಒಂದೊಂದನ್ನೇ ಬೆಳಕಿಗೆ ಹಿಡಿದಳು.

"ಇದೂ ಕುಂಟ. ಇದೂ. ಇದೂನೂ," ಎಂದಳು. ಜಿಪ್ಪು ಮುಚ್ಚಿದಳು.

ಮೆಟ್ಟಿಲಿಳಿಯುವಾಗ ಕೇಳಿದಳು, "ಹಾಗಾದ್ರೆ ನಿಜವಾಗ್ಲೂ ಎಷ್ಟು ಬರತ್ತೆ ಮಾವ?"

"ನಮ್ಮ ಅಂಗಡೀಲಿ ಕಟ್ಟಿಸೋ ಸಣ್ಣ ಪ್ರಕಾಶಕರೊಬ್ರು ಇದ್ದಾರೆ. ಬರೆದವರ ಹತ್ರ ಕಾಸು ಕೇಳಲ್ಲ. ಇಷ್ಟ ಆದ್ರೆ ಮುನ್ನೂರು ಪ್ರತಿ ಹಾಕ್ತಾರೆ, ಮಾರಿದ್ರಲ್ಲಿ ಹತ್ತಕ್ಕೊಂದು ಪಾಲು ಕೊಡ್ತಾರೆ. ಪೂರ್ತಿ ಖರ್ಚಾಗೋಕೆ ಎರಡು ವರ್ಷ ಬೇಕು. ನಿನ್ನ ಹತ್ತು ದಿನದ ಸಂಬಳ ಆಗಬಹುದು."

"ಆರು ವರ್ಷ ಬರೆದಿದ್ದಕ್ಕೆ ಹತ್ತು ದಿನದ್ದಾ?"

"ಖರ್ಚಾದ್ರೆ."

ಬಸ್ ನಿಲ್ದಾಣಕ್ಕೆ ಬಂದೆವು. "ಸೋಮವಾರ ನಂಗೆ ಬೆಳಗಿನ ಪಾಳಿ. ಬೇಗ ಏಳ್ಬೇಕು," ಎಂದಳು. ಆಮೇಲೆ ನನ್ನನ್ನು ಓರೆಗಣ್ಣಲ್ಲಿ ನೋಡಿದಳು.

"ಆ ಸಣ್ಣ ಪ್ರಕಾಶಕರ ಪುಸ್ತಕ ಮಡಿಸೋದು ಯಾರು?"

"ನಾನೇ."

ಅವಳು ಅಲ್ಲೇ, ಅಷ್ಟು ಜನರ ನಡುವೆ, ನನ್ನ ಹಣೆ ಮುಟ್ಟಿ ಬಿಸಿ ನೋಡಿದಳು.