ಮಾತಾಗಿದೆ ಎಂದ ಮನೆ

ನಮ್ಮ ಕಡೆ ಬಾಡಿಗೆ ಮನೆ ಕೇಳಲು ಹೋದರೆ ಯಾರೂ ಮುಖದ ಮೇಲೆ ಇಲ್ಲ ಎನ್ನುವುದಿಲ್ಲ. ಕುಳಿತುಕೊಳ್ಳಿ ಎನ್ನುತ್ತಾರೆ. ಬೆಲ್ಲ ನೀರು ಕೊಡುತ್ತಾರೆ. ಎಲ್ಲಿಯವರು, ಎಂತ ಕೆಲಸ ಎಂದು ಕೇಳುತ್ತಾರೆ. ಆಮೇಲೆ, "ಮನೆ ಬೇರೆಯವರಿಗೆ ಮಾತಾಗಿದೆ" ಎನ್ನುತ್ತಾರೆ. ಕೇಳಿದವರು ಅರ್ಥ ಮಾಡಿಕೊಂಡು ಎದ್ದು ಹೋಗುತ್ತಾರೆ.

ಕಾಂತಿಗೂ ಹಾಗೆಯೇ ಹೇಳಿದರು. ಅವಳು ಅದನ್ನು ನಂಬಿದಳು.

ಕಾಂತಿ ಬೀಡಿ ಕಟ್ಟುವವಳು. ಗಂಡ ಜತ್ತಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಕಿಡ್ನಿ ಕೆಟ್ಟ ಮೇಲೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಲು ಬೆಳ್ತಂಗಡಿಗೆ ಹೋಗಬೇಕಾಯಿತು. ಅವರ ಮನೆ ಗುಡ್ಡೆಯ ಮೇಲೆ. ಅಳದಂಗಡಿಯ ರಸ್ತೆಗೆ ಬರಲು ಎರಡು ಕಿಲೋಮೀಟರ್ ಇಳಿಯಬೇಕು. ಆಟೋ ಬರುವುದು ಅರ್ಧ ದಾರಿಯವರೆಗೆ ಮಾತ್ರ. ಇಳಿಯುವುದು ಹೇಗೋ ಆಗುತ್ತಿತ್ತು. ಹಿಂತಿರುಗಿ ಬರುವಾಗ ಜತ್ತಪ್ಪ ನಾಲ್ಕೈದು ಕಡೆ ಕುಳಿತು ಹತ್ತುತ್ತಿದ್ದ.

ಬಸ್ಸು ನಿಲ್ಲುವಲ್ಲಿಯೇ ಧರ್ಣಪ್ಪಣ್ಣನ ಬಾಡಿಗೆ ಮನೆ ಖಾಲಿ ಇತ್ತು. ಕಾಂತಿ ಕೇಳಲು ಹೋದಳು.

"ಬಾಡಿಗೆ ಎಲ್ಲಿಂದ ಕೊಡ್ತಿ?" ಧರ್ಣಪ್ಪಣ್ಣ ಕೇಳಿದರು.

"ಬೀಡಿ ಉಂಟಲ್ಲ ಅಣ್ಣ. ಗೃಹಲಕ್ಷ್ಮಿಯದ್ದೂ ಬರ್ತದೆ. ಬಾಡಿಗೆಗೆ ತೊಂದರೆ ಇಲ್ಲ."

ಧರ್ಣಪ್ಪಣ್ಣ ಅಂಗಳದ ಕಡೆ ತಿರುಗಿದರು.

"ಒಂದು ಪಾರ್ಟಿಗೆ ಮಾತಾಗಿದೆ ಮಾರಾಯ್ತಿ. ಮೊನ್ನೆಯಷ್ಟೆ."

"ಅವರು ಬರದಿದ್ರೆ ನನಗೊಂದು ಫೋನ್ ಮಾಡಿ ಅಣ್ಣ" ಎಂದು ಕಾಂತಿ ಅಲ್ಲಿದ್ದ ಕ್ಯಾಲೆಂಡರಿನ ಬದಿಯಲ್ಲಿ ನಂಬರು ಬರೆದು ಬಂದಳು.

ಬಂಟ್ವಾಳದಲ್ಲಿ, ಡಯಾಲಿಸಿಸ್ ಇರುವ ಆಸ್ಪತ್ರೆಯ ಹತ್ತಿರವೇ, ಅವಳ ಚಿಕ್ಕಮ್ಮ ಒಂದು ಕೋಣೆ ನೋಡಿ ಇಟ್ಟಿದ್ದರು. ಕಾಂತಿ ಬೇಡ ಎಂದಳು. "ಇಲ್ಲೇ ರಸ್ತೆ ಬದಿಯದ್ದು ಸಿಗುವ ಹಾಗೆ ಉಂಟು ಚಿಕ್ಕಮ್ಮ. ಬೀಗ ಇನ್ನೂ ತೆಗೆದಿಲ್ಲ." ವಾರಕ್ಕೆ ಎರಡು ಸಲ, ಬಸ್ಸಿನಿಂದ ಇಳಿಯುವಾಗ, ಅವಳು ಆ ಬೀಗ ನೋಡುತ್ತಿದ್ದಳು.

ಆ ದಿನಗಳಲ್ಲೇ ವಿಸ್ಮಿತಾ ಧರ್ಣಪ್ಪಣ್ಣನ ಮನೆಗೆ ಹೋದಳು. ಅವಳು ನಮ್ಮ ಸ್ವಸಹಾಯ ಸಂಘಗಳ ಒಕ್ಕೂಟದ ಲೆಕ್ಕ ಪುಸ್ತಕ ಬರೆಯುವವಳು. ಧರ್ಣಪ್ಪಣ್ಣನ ಹೆಂಡತಿ ದಮಯಂತಿ ಅಕ್ಕ ಚಹಾ ತಂದರು.

"ಗ್ರಾಮಸಭೆಗೆ ನೀವು ಎಂತದೋ ನಿರ್ಣಯ ತರ್ತೀರಂತೆ?" ಧರ್ಣಪ್ಪಣ್ಣ ಕೇಳಿದರು. "ನನ್ನ ಮನೆಯಲ್ಲಿ ಯಾರು ಇರಬೇಕು ಅಂತ ನೀವು ಹೇಳುವುದಾ?"

"ಯಾರಿಗೆ ಕೊಡಬೇಕು ಅಂತ ನಾವು ಹೇಳುವುದಿಲ್ಲ ಅಣ್ಣ. ಬಾಡಿಗೆ ಸರಿಯಾಗಿ ಕೊಡ್ತಾರಾ ಕೇಳಿ. ಹಿಂದೆ ಇದ್ದ ಕಡೆ ವಿಚಾರಿಸಿ. ಕರಾರು ಪತ್ರ ಮಾಡಿ. ಆದರೆ ಬೀಡಿಯ ದುಡ್ಡು, ಪಿಂಚಣಿ ದುಡ್ಡು, ಕೂಲಿ ದುಡ್ಡು ಅಂತ ಮಾತ್ರ ಯಾರನ್ನೂ ಹಿಂದೆ ಕಳಿಸಬಾರದು. ಇಷ್ಟೇ ನಿರ್ಣಯ."

"ಸರಕಾರದ ದುಡ್ಡು ಈ ತಿಂಗಳು ಬರ್ತದೆ, ಮುಂದಿನ ತಿಂಗಳು ಇಲ್ಲ. ಬೀಡಿಗೆ ಎಲೆ ಸರಿಯಾಗಿ ಸಿಗುವುದಿಲ್ಲ. ನಮ್ಮ ಕಷ್ಟ ಯಾರಿಗೆ ಹೇಳುವ?"

"ಹೋದ ಸಲ ದುಬೈಯವರಿಗೆ ಕೊಟ್ಟಿರಲ್ಲ?"

ದಮಯಂತಿ ಅಕ್ಕ ನಕ್ಕರು. "ಟಿವಿ ಹಾಕ್ಲಿಕ್ಕೆ ಅಂತ ಗೋಡೆಗೆ ಹನ್ನೆರಡು ತೂತು. ಹೇಳದೆ ಕೇಳದೆ ಹೋದದ್ದು. ಕೀ ಸಿಕ್ಕಿದ್ದು ಕೋಳಿಗೂಡಿನ ಮೇಲೆ."

"ನೀನು ಸುಮ್ಮನಿರು" ಎಂದರು ಧರ್ಣಪ್ಪಣ್ಣ. "ಇದು ಕಾನೂನಾ ವಿಸ್ಮಿತಾ?"

"ಅಲ್ಲ. ಊರಿನ ಮಾತು. ಪೊಲೀಸರು ಬರುವುದಿಲ್ಲ. ಆದರೆ ಊರು ಒಪ್ಪಿದ ಮಾತನ್ನು ದಾಟ್ಲಿಕ್ಕೆ ಸ್ವಲ್ಪ ನಾಚಿಕೆ ಆಗ್ತದಲ್ಲ, ಅಷ್ಟು ಸಾಕು."

"ನೋಡುವ" ಎಂದರು ಧರ್ಣಪ್ಪಣ್ಣ. ಬ್ಯಾಂಕಿನ ನೌಕರರು ಯಾರಾದರೂ ಬಾಡಿಗೆಗೆ ಬಂದಾರು ಎಂದು ಅವರು ಕಾಯುತ್ತಿದ್ದರು.

ಒಂದು ಗುರುವಾರ ಆಟೋ ಬರಲಿಲ್ಲ. "ಇವತ್ತು ಬೇಡ, ನಾಳೆ ಹೋಗುವ" ಎಂದ ಜತ್ತಪ್ಪ. ಅವನಿಗೆ ಹತ್ತಿ ಇಳಿದು ಸಾಕಾಗಿತ್ತು. ಮರುದಿನ ಬೆಳಿಗ್ಗೆ ಉಸಿರು ಕಟ್ಟಿತು. ನೆರೆಯವರು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದರು. ರಸ್ತೆ ಕಾಣುವಷ್ಟರಲ್ಲಿ ಜೀವ ಹೋಗಿತ್ತು. ಅವನಿಗೆ ಮೂವತ್ತೆಂಟು ವರ್ಷ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಧರ್ಣಪ್ಪಣ್ಣ ಮತ್ತು ದಮಯಂತಿ ಅಕ್ಕ ಗುಡ್ಡೆ ಹತ್ತಿದರು. ಧರ್ಣಪ್ಪಣ್ಣ ಎರಡು ಕಡೆ ನಿಂತು ಉಸಿರು ಎಳೆದುಕೊಂಡರು. ಅವರಿಗೆ ಯಾವ ಕಾಯಿಲೆಯೂ ಇಲ್ಲ.

ಸತ್ತ ಮನೆಗೆ ಬಂದವರಿಗೆ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ. ಮನೆಯವರೇ ಏನಾದರೂ ಮಾತು ಹುಡುಕಿ ಕೊಡಬೇಕಾಗುತ್ತದೆ. ಕಾಂತಿ ಅವರ ಮುಂದೆ ಬಂದು ನಿಂತಳು. "ಊಟ ಮಾಡಿ ಹೋಗಿ ಅಕ್ಕ" ಎಂದಳು. ಆಮೇಲೆ ಧರ್ಣಪ್ಪಣ್ಣನನ್ನು ಕೇಳಿದಳು:

"ಅಣ್ಣ, ಆ ಪಾರ್ಟಿ ಬಂದ್ರಾ?"

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ನೆರೆಯವರ ಕ್ಷೇಮ ಕೇಳಿದ ಹಾಗೆ ಕೇಳಿದ್ದಳು.

ಊಟಕ್ಕೆ ಕುಳಿತ ಧರ್ಣಪ್ಪಣ್ಣ ಅರ್ಧದಲ್ಲೇ ಎಲೆ ಮಡಚಿದರು.

ಇಳಿಯುವಾಗ ದಮಯಂತಿ ಅಕ್ಕ ಮುಂದೆ ಇದ್ದರು. ಹಿಂದೆ ತಿರುಗದೆಯೇ ಹೇಳಿದರು. "ಆ ಮನೆಗೆ ಸ್ಲ್ಯಾಬ್ ಹಾಕಿದ್ದು ನನ್ನ ಪಿ.ಎಫ್. ದುಡ್ಡಿನಲ್ಲಿ. ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿದ ಪಿ.ಎಫ್. ನಿಮಗೆ ಮರೆತುಹೋಯ್ತಾ?"

"ಇಲ್ಲ."

"ಮತ್ತೆ?"



ತಿಂಗಳ ಕೊನೆಗೆ ಶಾಲೆಯ ಸಭಾಂಗಣದಲ್ಲಿ ಗ್ರಾಮಸಭೆ. ನಮ್ಮಲ್ಲಿ ಹೆಚ್ಚಿನವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಚಹಾ ಕುಡಿದು, ಹನ್ನೊಂದೂವರೆಯ ಬಸ್ಸಿಗೆ ಹೋಗುತ್ತಾರೆ. ಆ ದಿನ ವಿಸ್ಮಿತಾ ಬಾಗಿಲಲ್ಲೇ ನಿಂತಿದ್ದಳು.

"ಚೀಟಿ ಹಾಕದೆ ಹೋಗ್ಬೇಡಿ. ಹೌದು ಬರೆಯಿರಿ, ಇಲ್ಲ ಬರೆಯಿರಿ, ಏನಾದರೂ ಬರೆಯಿರಿ."

ಚೀಟಿ ಬೇಕೆಂದು ಕೇಳಿದ್ದೂ ಅವಳೇ. ಕೈ ಎತ್ತುವುದಾದರೆ, ಬಾಡಿಗೆಗೆ ಇರುವವರು ಯಜಮಾನರ ಮುಖ ನೋಡಿ ಕೈ ಇಳಿಸುತ್ತಾರೆ.

ಪೇಟೆಯಲ್ಲಿ ನಾಲ್ಕು ಮನೆ ಬಾಡಿಗೆಗೆ ಕೊಟ್ಟಿರುವ ಮನೀಷ್ ಎದ್ದು ನಿಂತ. "ನಮ್ಮ ಮನೆ. ನಮಗೆ ಬೇಕಾದವರಿಗೆ ಕೊಡ್ತೇವೆ. ಇದರಲ್ಲಿ ಊರಿಗೆ ಎಂತ ಉಂಟು?"

ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಧರ್ಣಪ್ಪಣ್ಣ ಎದ್ದರು. ಅವರು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ನೋಡಿರಲಿಲ್ಲ.

"ನಮ್ಮ ಮನೆಯೇ ಮನೀಷ. ನಾನೂ ಅದನ್ನೇ ಹೇಳ್ತಿದ್ದೆ. ಆರು ತಿಂಗಳು ಬೀಗ ಹಾಕಿ ಇಟ್ಟೆ. ಪಾರ್ಟಿ ಅಂತ ಯಾರೂ ಇರ್ಲಿಲ್ಲ. ಬೀಡಿಯವರಿಗೆ ಬೇಡ ಅಂತ ಕಂಡಿತು, ಅದಕ್ಕೆ ಸುಳ್ಳು ಹೇಳಿದೆ. ಆ ಹೆಂಗಸು ನಂಬಿ ಕಾಯ್ತಾ ಕೂತ್ಲು. ನಾನು ಹೌದು ಅಂತ ಬರೀತೇನೆ. ಗುಟ್ಟಾಗಿ ಬೇಡ."

ಕಾಂತಿ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಸೆರಗಿನ ತುದಿಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

ನಿರ್ಣಯ ಹನ್ನೊಂದು ಚೀಟಿಗಳಿಂದ ಗೆದ್ದಿತು.

ಹೊರಗೆ ದಮಯಂತಿ ಅಕ್ಕ ಕಾಂತಿಯ ಕೈ ಹಿಡಿದರು. "ಮನೆ ನಿನಗೇ ಕಾಂತಿ. ನಾಳೆಯೇ ಬಾ."

"ನನಗೀಗ ರಸ್ತೆ ಬದಿಯಲ್ಲಿ ಎಂತ ಕೆಲಸ ಅಕ್ಕ?" ಎಂದಳು ಕಾಂತಿ. "ಬೇರೆ ಯಾರಾದರೂ ಕೇಳಿ ಬಂದ್ರೆ ಕೊಡಿ."

ಅವಳು ಗುಡ್ಡೆಯ ಕಡೆ ನಡೆದಳು. ಮುಂದಿನ ತಿಂಗಳು ಆ ಮನೆಗೆ, ನಡೆಯಲಾಗದ ಮಗಳನ್ನು ಕರೆದುಕೊಂಡು ಒಬ್ಬ ತಾಯಿ ಬಂದಳು. ಮಗಳ ಅಂಗವಿಕಲ ವೇತನ ಮತ್ತು ತಾಯಿಯ ಹೊಲಿಗೆಯಿಂದ ಬಾಡಿಗೆ ಬರುತ್ತದೆ. ಧರ್ಣಪ್ಪಣ್ಣ ಮೆಟ್ಟಿಲಿನ ಬದಿಗೆ ಇಳಿಜಾರು ಕಟ್ಟಿಸಿ ಕೊಟ್ಟರು.

ಇದನ್ನು ಓದುವ, ಕೇಳುವ ಅಕ್ಕಂದಿರೇ, ಅಣ್ಣಂದಿರೇ, ಇಂಥ ನಿರ್ಣಯವನ್ನು ನಿಮ್ಮ ಗ್ರಾಮಸಭೆಗೂ ತನ್ನಿ. ಸಹಿ ಹಾಕಿ ಎದ್ದು ಹೋಗಬೇಡಿ, ಕೊನೆಯವರೆಗೆ ಕುಳಿತುಕೊಳ್ಳಿ. ಬಾಡಿಗೆ ಎಷ್ಟು, ಯಾವ ತಾರೀಕಿಗೆ, ಎಷ್ಟು ಜನ ಎಂದು ಧಾರಾಳ ಕೇಳಿ. ದುಡಿದ ಹಣಕ್ಕೂ, ಹಕ್ಕಿನಿಂದ ಬಂದ ಪಿಂಚಣಿಗೂ ಮೇಲು ಕೀಳು ಮಾಡಬೇಡಿ. ಒಂದು ವೇಳೆ ಕೊಡುವ ಮನಸ್ಸಿಲ್ಲದಿದ್ದರೆ, ಇಲ್ಲ ಎಂದೇ ಹೇಳಿ. ಅವರು ಬೇರೆ ಬಾಗಿಲಿಗೆ ಹೋಗಲಿ. ಮನೆ ಕೇಳಿ ಬಂದವರ ಬಳಿ ಕಾಯುವಷ್ಟು ದಿನಗಳು ಉಳಿದಿವೆಯೋ ಇಲ್ಲವೋ, ನಿಮಗೆ ತಿಳಿದಿರುವುದಿಲ್ಲ.