ಎರಡನೆಯ ತಜ್ಞರು

"ಮೇಡಂ ಅವರಿಗೆ ನಮಸ್ಕಾರ. ನಿಮ್ಮ ಕೋಷ್ಟಕದ ಐದನೇ ಸಾಲಿನ ಬಗ್ಗೆ ಒಂದು ಸಣ್ಣ ಸಂದೇಹ" ಎಂದು ಶುರುವಾದ ಪತ್ರವನ್ನು ಅವಳು ಕಾಲೇಜಿನ ಮೆಟ್ಟಿಲ ಮೇಲೆ ನಿಂತೇ ಎರಡು ಸಲ ಓದಿದಳು. ಮೂರನೆಯ ಸಲಕ್ಕೆ ಅಲ್ಲೇ ಕುಳಿತಳು.

ಬರೆದವರು ಒಂದು ಸಣ್ಣ ಆಸ್ಪತ್ರೆಯ ಹಿರಿಯ ನರ್ಸ್. ಅಲ್ಲಿ ಆಕ್ಸಿಜನ್ ಇರುವ ಹಾಸಿಗೆ ನಾಲ್ಕೇ ನಾಲ್ಕು. ಉಸಿರಾಡಲಾಗದೆ ಬರುವವರು ದಿನಕ್ಕೆ ಹತ್ತಾರು ಮಂದಿ. ಯಾರನ್ನು ಮೊದಲು ಮಲಗಿಸಬೇಕೆಂದು ತಿಳಿಯಲು ಡಾಕ್ಟರು ಇವಳ ಲೇಖನದ ಕೋಷ್ಟಕವನ್ನು ದೊಡ್ಡದು ಮಾಡಿಸಿ ಗೋಡೆಗೆ ಅಂಟಿಸಿದ್ದರಂತೆ. ಎಂಟು ತಿಂಗಳಿಂದ ಅದರಂತೆಯೇ ನಡೆದಿದೆ. 'ಸದ್ದಿಲ್ಲದೆ ಕುಳಿತಿರುವ ರೋಗಿ' ಎಂಬ ಸಾಲಿನಲ್ಲಿ, ಮೂವರು ತಜ್ಞರ ಪೈಕಿ ಎರಡನೆಯವರು ಒಂದಕ್ಕೆ ಸೊನ್ನೆ ಪಾಯಿಂಟ್ ಎರಡು ಮಾತ್ರ ಕೊಟ್ಟಿದ್ದಾರೆ. "ನನ್ನ ಇಪ್ಪತ್ತಾರು ವರ್ಷದ ಅನುಭವದಲ್ಲಿ ಮಾತು ನಿಂತವರೇ ಹೆಚ್ಚು ಅಪಾಯದಲ್ಲಿರುತ್ತಾರೆ. ಅಂಥ ಮೂವರನ್ನು ಕೋಷ್ಟಕದಂತೆ ಬೆಂಚಿನ ಮೇಲೆ ಕಾಯಿಸಿದೆವು. ಇಬ್ಬರು ಉಳಿಯಲಿಲ್ಲ. ನನಗೆ ಕಾಣದ್ದು ಏನೋ ಆ ತಜ್ಞರಿಗೆ ಕಂಡಿರಬೇಕು. ದಯವಿಟ್ಟು ಕೇಳಿ ತಿಳಿಸಿ, ಕಲಿತುಕೊಳ್ಳುತ್ತೇನೆ."

ಅವಳ ಪಿಎಚ್.ಡಿ. ವಿಷಯ ಗಣಿತದ ಅಸ್ಪಷ್ಟ ಗಣ. ಮಾಮೂಲಿ ಗಣಿತದಲ್ಲಿ ಒಂದು ವಸ್ತು ಗಣದ ಒಳಗಿರುತ್ತದೆ, ಇಲ್ಲವೇ ಹೊರಗೆ. ಇಲ್ಲಿ ಎಷ್ಟು ಒಳಗೆ ಎಂದು ಕೇಳಬಹುದು, ಸೊನ್ನೆಯಿಂದ ಒಂದರವರೆಗೆ ಎಲ್ಲಾದರೂ ಉತ್ತರ ನಿಲ್ಲಬಹುದು. ಈ ರೋಗಿಯ ಸ್ಥಿತಿ ಎಷ್ಟು ಗಂಭೀರ? ಆ ಅಂಕಿಯನ್ನು ತಜ್ಞರು ಹೇಳಬೇಕು. ಅಲ್ಲಿಂದ ಮುಂದೆ ಅವಳ ಪ್ರಮೇಯದ ಕೆಲಸ. ಪ್ರಮೇಯದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಇಂಥ ಲೇಖನದ ಕೊನೆಗೊಂದು ಉದಾಹರಣೆ ಇರಲೇಬೇಕು. ಅದರ ಅಂಕಿಗಳನ್ನು ಅವಳು ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಮನೆಯಲ್ಲೇ ಕೂತು ತುಂಬಿದ್ದಳು. ಮೊದಲನೆಯ ತಜ್ಞೆ ತಾನೇ. ಮೂರನೆಯವರು ಫೋನಿನಲ್ಲಿ ಸಿಕ್ಕ ಗೈಡು. ಎರಡನೆಯವರು, ಪಕ್ಕದಲ್ಲಿ ಹೊಲಿಗೆ ಹಾಕುತ್ತಿದ್ದ ಅತ್ತಿಗೆ.

ಗೈಡು ಪತ್ರ ಓದಿ ಕನ್ನಡಕ ತೆಗೆದಿಟ್ಟರು.

"ಉದಾಹರಣೆ ಅಂತ ಬರೆದಿದ್ದೀವಲ್ಲಮ್ಮ. ಎಲ್ಲರೂ ಹೀಗೇ ಮಾಡೋದು."

"ಮೊದಲು ಹಾಗೇ ಇತ್ತು ಸರ್. ಅಚ್ಚಿಗೆ ಮುಂಚೆ, ತಜ್ಞರು ಯಾರು ಅಂತ ಪತ್ರಿಕೆಯ ಒಬ್ಬ ವಿಮರ್ಶಕರು ಕೇಳಿದ್ರು. 'ಮೂವರು ಅನುಭವಿ ವೈದ್ಯರು' ಅಂತ ಒಂದು ಸಾಲು ಸೇರಿಸಿಬಿಡು ಅಂದ್ರಿ."

"ಇನ್ನೊಬ್ಬ ವಿಮರ್ಶಕ ತನ್ನದೇ ಏಳು ಲೇಖನದ ಉಲ್ಲೇಖ ಸೇರಿಸು ಅಂದ, ಅದನ್ನೂ ಸೇರಿಸಿದ್ವಿ. ಹದಿನಾಲ್ಕು ಜನ ಈ ಲೇಖನ ಉಲ್ಲೇಖ ಮಾಡಿದ್ದಾರೆ. ಒಬ್ಬನಾದರೂ ತುಟಿ ಬಿಚ್ಚಿದನಾ?"

"ಇಲ್ಲ ಸರ್. ಬಿಚ್ಚಿದ್ದು ಇವರೊಬ್ಬರೇ."

ಅವರು ಕಿಟಕಿಯ ಕಡೆ ನೋಡಿದರು. ಕೆಟ್ಟ ಮನುಷ್ಯರಲ್ಲ, ಅವಳ ಪ್ರಬಂಧವನ್ನು ಒಂದು ಅಲ್ಪವಿರಾಮವನ್ನೂ ಬಿಡದೆ ತಿದ್ದಿದವರು. "ಇವತ್ತಿಗೆ ಎಂಟು ದಿನಕ್ಕೆ ನಿನ್ನ ವೈವಾ. ನಲವತ್ತೊಂದು ವರ್ಷ ನಿನಗೆ. ಮೂರನೇ ಅಧ್ಯಾಯ ಪೂರ್ತಿ ಈ ಲೇಖನವೇ. ತಜ್ಞರ ಹೆಸರು ಗೋಪ್ಯ ಅಂತ ಎರಡು ಸಾಲು ಬರೆದು ಕೈ ತೊಳ್ಕೊ. ಪದವಿ ಕೈಗೆ ಬರಲಿ, ಆಮೇಲೆ ನೋಡೋಣ."

ಮನೆಗೆ ಬಂದಾಗ ಅತ್ತಿಗೆ ಶಾಲೆಯ ಸಮವಸ್ತ್ರದ ರಾಶಿಯ ನಡುವೆ ಮುಳುಗಿದ್ದರು.

"ಬಾರೇ ಪಂಡಿತೆ. ಮುಖ ಯಾಕೆ ಹಿಂಡಿದ ಬಟ್ಟೆ ಥರ ಆಗಿದೆ?"

"ಅತ್ತಿಗೆ, ಹಿಂದೆ ಒಂದಿನ ನಿಮ್ಮ ಹತ್ರ ಒಂದಷ್ಟು ನಂಬರ್ ಕೇಳಿದ್ದೆ, ನೆನಪಿದೆಯಾ?"

"ಮರೆಯೋಕಾಗುತ್ತಾ? ಕಾಲರ್ ಕೂರಿಸೋ ಹೊತ್ತಲ್ಲಿ ಬಂದು ತಲೆ ತಿಂದಿದ್ದೆ."

"ಸುಮ್ಮನೆ ಕೂತಿರೋ ರೋಗಿಗೆ ಪಾಯಿಂಟ್ ಎರಡು ಸಾಕು ಅಂದ್ರಿ."

"ಹೌದು ಮತ್ತೆ, ಒದ್ದಾಡೋರಿಗೆ ತಾನೇ ಕಷ್ಟ? ಸುಮ್ಮನೆ ಕೂತೋರಿಗೆ ಏನಂತೆ." ಅತ್ತಿಗೆ ಮೆಷಿನ್ನಿನ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದರು. "ಯಾಕೆ, ತಪ್ಪಾಯ್ತಾ? ಡಾಕ್ಟರನ್ನ ಕೇಳಿ ಸರಿಮಾಡ್ತೀನಿ ಅಂದಿದ್ದೆಯಲ್ಲ ನೀನು?"

"ಏನಿಲ್ಲ ಅತ್ತಿಗೆ. ಸುಮ್ಮನೆ ಕೇಳಿದೆ."

ಮಾರನೆಯ ದಿನ ಎರಡು ಬಸ್ಸು ಬದಲಿಸಿ ಅವಳು ಆ ಆಸ್ಪತ್ರೆಗೆ ಹೋದಳು. ನರ್ಸ್ ಕುಳ್ಳಗೆ ಗಟ್ಟಿಯಾಗಿದ್ದರು. ಇವಳು ಯಾರೆಂದು ತಿಳಿದದ್ದೇ, ಎದ್ದು ತಮ್ಮ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೊಟ್ಟರು. ಇವಳು ಕೂರಲಿಲ್ಲ.

"ಸಿಸ್ಟರ್, ಆ ತಜ್ಞರು ಡಾಕ್ಟರಲ್ಲ. ನಮ್ಮ ಅತ್ತಿಗೆ. ಬಟ್ಟೆ ಹೊಲೀತಾರೆ. ಅಂಕಿಗಳೆಲ್ಲ ನಾವು ಮನೆಯಲ್ಲಿ ಕೂತು ಹಾಕಿದ್ದು. ವೈದ್ಯರು ಅಂತ ಸುಳ್ಳು ಬರೆದದ್ದು ನಾನು."

ನರ್ಸ್ ಒರೆಸಿಟ್ಟ ಆ ಕುರ್ಚಿಯಲ್ಲಿ ತಾವೇ ಕುಳಿತರು. ಆಮೇಲೆ, "ಚೆನ್ನಾಗಿ ಹೊಲೀತಾರಾ?" ಎಂದರು.

"ಹ್ಞೂಂ."

"ಉಳಿಯದ ಆ ಇಬ್ಬರಲ್ಲಿ ಒಬ್ಬಳು ನನ್ನ ಕೈ ಹಿಡ್ಕೊಂಡಿದ್ದಳು. ಇರಮ್ಮ, ನಿನ್ನ ಸರದಿ ಬರುತ್ತೆ ಅಂದಿದ್ದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಗೋಡೆ ನೋಡಿದೆ." ದನಿ ಏರಲಿಲ್ಲ. ಏರಿದ್ದರೆ ಇವಳಿಗೆ ಹಗುರವಾಗುತ್ತಿತ್ತು.

"ಪತ್ರಿಕೆಗೂ ಬರೀತೀನಿ ಸಿಸ್ಟರ್. ಲೇಖನ ವಾಪಸ್ ತಗೋತಾರೆ."

"ಯಾವಾಗ?"

"ಆರು ತಿಂಗಳಾಗಬಹುದು."

"ಆರು ತಿಂಗಳು." ನರ್ಸ್ ಖಾತ್ರಿಪಡಿಸಿಕೊಳ್ಳುವವರಂತೆ ಹೇಳಿಕೊಂಡರು. "ನಾನು ಹೇಳಿದ್ರೆ ಡಾಕ್ಟರು ಕಿವಿಗೆ ಹಾಕೊಳ್ಳಲ್ಲ. ಅವರಿಗೆ ಬರಹದಲ್ಲಿ ಬೇಕು. ಈಗ ಹೇಳಿದ್ದನ್ನ ಹಾಗೇ ಬರೆದು ಸಹಿ ಹಾಕಿ. ಕಾಲೇಜಿನ ವಿಳಾಸಾನೂ ಹಾಕಿ."

ಅವಳು ಮೇಜಿಗೆ ಬಗ್ಗಿ ಬರೆಯತೊಡಗಿದಳು. ಲೇಖನದ ಹೆಸರು ಬರೆದಳು. 'ಅಂಕಿಗಳು ಕಲ್ಪಿತ' ಎಂದು ಬರೆದು, ಅದು ಲೇಖನದ ಭಾಷೆಯಾಯಿತೆನಿಸಿ ಹೊಡೆದುಹಾಕಿ, 'ಸುಳ್ಳು' ಎಂದು ಬರೆದಳು. ಗೈಡಿನ ಹೆಸರು ಬರೆಯಬೇಕೋ ಬೇಡವೋ ಎಂದು ಪೆನ್ನು ನಿಂತಿತು.

ಅಷ್ಟರಲ್ಲಿ ಪಕ್ಕದಲ್ಲಿ ಚಪ್ಪಲಿಯ ಸದ್ದಾಯಿತು. ನರ್ಸ್ ಹೊರಗಿನ ಬೆಂಚಿನ ಬಳಿ ಹೋಗಿದ್ದರು. ಅಲ್ಲಿ ಒಬ್ಬ ಮುದುಕರು ಎರಡೂ ಕೈ ಮೊಣಕಾಲಿಗೆ ಊರಿ, ಯಾರನ್ನೂ ಕರೆಯದೆ, ನೆಲ ನೋಡುತ್ತ ಕುಳಿತಿದ್ದರು. ನರ್ಸ್ ಅವರ ಮುಂದೆ ಮಂಡಿಯೂರಿ, ಎದೆಯ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯ ಗಡಿಯಾರದ ಮೇಲೆ ಕಣ್ಣು ನೆಟ್ಟರು. ನರ್ಸ್ ಅವರ ತುಟಿಗಳು ಸದ್ದಿಲ್ಲದೆ ಉಸಿರು ಎಣಿಸುತ್ತಿದ್ದವು.