ಕುಂಕುಮ ಹಚ್ಚಿದ ಮೇನ್ ಸ್ವಿಚ್

ಕರೆಂಟ್ ಹೋಗುವ ದಿನವನ್ನೇ ಹುಡುಕಿ ಗೃಹಪ್ರವೇಶ ಇಟ್ಟುಕೊಂಡ ಮನುಷ್ಯ ರಬಕವಿ-ಬನಹಟ್ಟಿಯಲ್ಲಿ ಒಬ್ಬನೇ. ಅವನು ನೂಲಿನ ವ್ಯಾಪಾರಿ ಗಿರಿಮಲ್ಲಪ್ಪ.

ನಮ್ಮೂರಲ್ಲಿ ಕರೆಂಟ್ ಹೋದರೆ ಮಗ್ಗ ನಿಲ್ಲುತ್ತದೆ. ಓಣಿಯ ಖಟಖಟ ಒಮ್ಮೆಲೇ ಅಡಗಿ, ಜನಕ್ಕೆ ತಮ್ಮ ಮಾತು ತಮಗೇ ಜೋರಾಗಿ ಕೇಳಿಸುತ್ತದೆ. ಮೊದಲು ಕೇಳಿಸುವುದು ಬೈಗುಳ. ಗಿರಿಮಲ್ಲಪ್ಪ ಮಾತ್ರ ಆ ಹೊತ್ತಿಗೆ ಹಲ್ಲು ಬಿಡುತ್ತಾನೆ. ಅವನ ಪೋರ್ಚಿನಲ್ಲಿ ಎಲೆಕ್ಟ್ರಿಕ್ ಟ್ರಕ್ಕು ನಿಂತಿದೆ.

ನೇಕಾರರ ಮನೆಬಾಗಿಲಿಗೆ ನೂಲು ಮುಟ್ಟಿಸುತ್ತೇನೆಂದು ಬರೆದುಕೊಟ್ಟು ಸಬ್ಸಿಡಿಯಲ್ಲಿ ತಂದ ಟ್ರಕ್ಕು ಅದು. ಬಂದ ದಿನ ಹಾರ ಹಾಕಿ, ಬದಿಗೆ ನಾಲ್ಕು ಮಂದಿ ನೇಕಾರರನ್ನು ನಿಲ್ಲಿಸಿ ಫೋಟೊ ತೆಗೆಸಿದ್ದ. ಆ ನಾಲ್ವರು ಆ ಸಂಜೆ ನೂಲಿನ ಗಂಟನ್ನು ಎಂದಿನಂತೆ ಸೈಕಲ್ ಮೋಟಾರಿನ ಹಿಂದೆ ಕಟ್ಟಿಕೊಂಡೇ ಹೋದರು. ಯಾಕೆಂದರೆ ಅಷ್ಟರಲ್ಲಿ ಸಾವಕಾರನಿಗೆ ಒಂದು ವಿಷಯ ತಿಳಿದುಬಿಟ್ಟಿತ್ತು: ಟ್ರಕ್ಕಿನ ಬ್ಯಾಟರಿಯಿಂದ ಇಡೀ ಮನೆ ನಡೆಸಬಹುದು, ಎಸಿ ಸಮೇತ. ಅಲ್ಲಿಂದ ಅದು ಗಾಲಿ ಇರುವ ಇನ್ವರ್ಟರ್ ಆಯಿತು. ದಿನಾ ತೊಳೆಯುವುದು, ಮೂತಿಗೆ ಲಿಂಬೆಹಣ್ಣು ಕಟ್ಟುವುದು. ಡ್ರೈವರ್ ನವೀನನಿಗೆ ಸ್ಟೇರಿಂಗ್ ಹಿಡಿಯುವ ಕೆಲಸ ಕಡಿಮೆಯಾಗಿ, ಕರೆಂಟ್ ಹೋದಾಗ ಕೇಬಲ್ ಹಚ್ಚುವ ಕೆಲಸ ಹೆಚ್ಚಾಯಿತು.

ಜಮಖಂಡಿ ರಸ್ತೆಗೆ ಹೊಸ ಲೇಔಟಿನಲ್ಲಿ ಬಂಗಲೆ ಮುಗಿಯಿತು. ಅಯ್ಯನವರು ಮೂರು ಮುಹೂರ್ತ ತೆಗೆದುಕೊಟ್ಟರು. ಮೂರೂ ಕರೆಂಟ್ ಇರುವ ದಿನಗಳು. ಕರೆಂಟ್ ಇರುವ ದಿನ ಎಲ್ಲರ ಮನೆಯಲ್ಲೂ ಪಂಕ ತಿರುಗುತ್ತದೆ, ಅದರಲ್ಲಿ ಗಿರಿಮಲ್ಲಪ್ಪನ ದೊಡ್ಡಸ್ತಿಕೆ ಏನು ಬಂತು? ಅವನು ಸುಮ್ಮನೆ ಕಾಯ್ದ. ವಿದ್ಯುತ್ ಕಚೇರಿಯ ಸಾಹೇಬರೊಬ್ಬರು ಅವನ ಅಂಗಡಿಯಲ್ಲಿ ಚಹಾ ಕುಡಿಯುತ್ತ, "ನಿಮ್ಮ ಲೇಔಟಿಗೆ ಬರೋ ತಂತಿ ಹಳೇವು. ಮಂಗಳವಾರ ಬದಲು ಮಾಡಸ್ತೇವ್ರಿ. ಊರಿಗೆಲ್ಲಾ ಹಗಲೆಲ್ಲಾ ಲೈನ್ ಇರಂಗಿಲ್ಲ," ಎಂದದ್ದೇ ತಡ, ಇವನ ಮುಖ ಅರಳಿತು.

"ಮಂಗಳವಾರ ಹೊಸ ಮನಿ ಹೊಸ್ತಿಲ ಯಾರೂ ದಾಟಂಗಿಲ್ರಿ ಸಾವಕಾರ್ರ," ಎಂದರು ಅಯ್ಯನವರು.

"ನೋಡ್ರಿ ಇನ್ನೊಮ್ಮಿ. ಪಂಚಾಂಗದಾಗ ಇಲ್ಲದ್ದು ಏನೈತಿ? ನಿಮ್ಮ ಮಠಕ್ಕೂ ಒಂದ ಇನ್ವರ್ಟರ್ ಬೇಕಂದಿದ್ರಲ್ಲ."

ಅಯ್ಯನವರು ಇನ್ನೊಮ್ಮೆ ನೋಡಿದರು. ಮಂಗಳವಾರ ಬೆಳಗಿನ ಹನ್ನೊಂದರ ಹೊತ್ತಿಗೆ ಅಮೃತ ಗಳಿಗೆ ಸಿಕ್ಕಿತು. ಹಾಗೆ ಸಿಗುವ ಅಮೃತ ನಮ್ಮಂಥವರ ಮದುವೆ, ಮುಂಜಿ, ಮಣ್ಣಿಗೆ ಎಂದೂ ಸಿಕ್ಕಿದ್ದಿಲ್ಲ.

ಈಗ ಟ್ರಕ್ಕಿನಿಂದ ಮನೆಗೆ ಕರೆಂಟ್ ಕೊಡುವ ಬಗೆ. ಟ್ರಕ್ಕು ಮಾರಿದ ಕಂಪನಿಯವರು ಜೊತೆಗೆ ಒಂದು ಪೆಟ್ಟಿಗೆ ಕೊಟ್ಟಿದ್ದರು. ಅದನ್ನು ಗೋಡೆಗೆ ಕೂಡಿಸಿದರೆ ಮನೆ ಒಂದು ಹೊತ್ತಿಗೆ ಕಂಬದ ಕರೆಂಟನ್ನೋ ಟ್ರಕ್ಕಿನ ಕರೆಂಟನ್ನೋ ಒಂದನ್ನೇ ತಗೊಳ್ಳುತ್ತದೆ, ಎರಡೂ ಕೂಡುವುದಿಲ್ಲ. ಅದಕ್ಕೆ ಗೋಡೆಗೆ ನಾಲ್ಕು ತೂತು ಹೊಡೆಯಬೇಕು. "ಗ್ರಾನೈಟಿಗಿ ತೂತಾ? ತಲಿ ಕೆಟ್ಟೈತೇನು?" ಎಂದ ಗಿರಿಮಲ್ಲಪ್ಪ. ಪೆಟ್ಟಿಗೆ ಥರ್ಮಾಕೋಲ್ ಸಮೇತ ಅಟ್ಟ ಸೇರಿತು. ಟ್ರಕ್ಕಿನ ಕೇಬಲ್ಲನ್ನು ಪೋರ್ಚಿನ ಪ್ಲಗ್ಗಿಗೆ ನೇರ ಚುಚ್ಚುವುದೆಂದಾಯಿತು. ಹಾಗೆ ಚುಚ್ಚುವ ಮೊದಲು ಮನೆಯ ಮೇನ್ ಸ್ವಿಚ್ ಕೆಳಗೆ ಎಳೆಯಲೇಬೇಕು. ಎಳೆಯದಿದ್ದರೆ ಟ್ರಕ್ಕಿನ ಕರೆಂಟ್ ಮನೆ ತುಂಬಿ, ಮೀಟರ್ ದಾಟಿ, ಹೊರಗಿನ ತಂತಿಗೂ ಏರುತ್ತದೆ. ಲೇಔಟಿನಲ್ಲಿ ಇನ್ನೂ ಬೇರೆ ಮನೆ ಎದ್ದಿಲ್ಲ, ಕೊನೆಯ ಕಂಬದ ತಂತಿ ಈ ಬಂಗಲೆಯೊಂದಕ್ಕೇ. ಲೈನ್ ಸತ್ತಿದೆ ಎಂದು ನಂಬಿ ಆ ಕಂಬ ಹತ್ತಿದವನು ಸುಟ್ಟು ಕೆಳಗೆ ಬೀಳುತ್ತಾನೆ.

ಇದು ಸಾವಕಾರನಿಗೆ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಕಂಪನಿಯವರು ಹೇಳಿದ್ದರು. ನವೀನ ಹೇಳಿದ್ದ. ಹಿಂದಿನ ದಿನ ಕಂಬ ಹತ್ತುವವನೇ ಬಂದು ಹೇಳಿದ್ದ.

ಅವನು ಭೀಮಶಿ, ಗುತ್ತಿಗೆಯ ಲೈನ್‌ಮನ್. ಅಪ್ಪ ಕುರಿ ಕಾಯ್ದು ಬೀರೇಶ್ವರನಿಗೆ ಅರಿಷಿಣದ ಭಂಡಾರ ಹಾರಿಸಿದವ, ಮಗ ಕಂಬ ಹತ್ತುತ್ತಾನೆ. ರಬ್ಬರ್ ಕೈಗವಸು ಕೇಳಿದರೆ ಕಚೇರಿಯಲ್ಲಿ 'ಮುಂದಿನ ತಿಂಗಳು' ಎನ್ನುತ್ತಾರೆ, ತಂತಿಯನ್ನು ನೆಲಕ್ಕೆ ಜೋಡಿಸುವ ಸರಪಳಿ ಕೇಳಿದರೆ ನಗುತ್ತಾರೆ. ಗೇಟಿನ ಹೊರಗೇ ನಿಂತು ಅವನೆಂದ:

"ಸಾವಕಾರ್ರ, ನಾಳೆ ನಿಮ್ಮ ಮುಂದಿನ ಕಂಬದ ಮ್ಯಾಲ ನಾನ ಇರ್ತೇನ್ರಿ. ಗಾಡಿ ಹಚ್ಚೂ ಮುಂದ ಮೇನ್ ಅಷ್ಟ ಆಫ್ ಮಾಡ್ರಿ."

"ಆತ ಬಿಡೋ. ನಾವೇನ ಸಣ್ಣ ಹುಡುಗೂರೇನು?"

ಭೀಮಶಿಗೆ ಪೇಪರ್ ಕಪ್ಪಿನಲ್ಲಿ ಚಹಾ ಬಂತು. ಗೇಟಿನ ಹೊರಗೆ.

ಮಂಗಳವಾರ ಬಂತು. ಹಗಲಿನಲ್ಲಿ ದೀಪ ಎದ್ದು ಕಾಣುವುದಿಲ್ಲವೆಂದು ಗಿರಿಮಲ್ಲಪ್ಪ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆಸಿದ್ದ. ಮೇ ತಿಂಗಳ ಸುಡುಬಿಸಿಲನ್ನು ಹೊರಗಟ್ಟಿ, ಒಳಗೆ ಕತ್ತಲೆ ಮಾಡಿ, ಆ ಕತ್ತಲೆಯಲ್ಲಿ ದೀಪ ಹಚ್ಚಿ ತೋರಿಸುವುದು. ಬುದ್ಧಿ ಅಂದರೆ ಅದು. ಕರೆಂಟಿಲ್ಲದ ಓಣಿಗಳಿಂದ ಬೆವರು ಒರೆಸಿಕೊಳ್ಳುತ್ತ ಜನ ಬಂದರು. ಮುಂದಿನ ಸಾಲಿನ ಸೋಫಾದಲ್ಲಿ ವಿದ್ಯುತ್ ಕಚೇರಿಯ ಅದೇ ಸಾಹೇಬರು. ಅವರ ಕೆಳಗಿನವನು ಹೊರಗೆ ಕಂಬಕ್ಕೆ ನಿಚ್ಚಣಿಕೆ ಆನಿಸುತ್ತಿದ್ದ, ಸಾಹೇಬರು ಒಳಗೆ ಬಾದಾಮಿ ಹಾಲು ಕುಡಿಯುತ್ತಿದ್ದರು.

ಹಿತ್ತಲಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯಲು ಬಂದವರಲ್ಲಿ ಭೀಮಶಿಯ ಹೆಂಡತಿ ಮಾಲಾ ಇದ್ದಳು. ಅವಳು ಕೂತಲ್ಲಿಂದ ಕಂಬ ಕಾಣುತ್ತಿತ್ತು. ಅಲ್ಲಿ ಕೂತದ್ದೇ ಅದಕ್ಕೆ.

"ಏನ ಬೇ, ಗಂಡನ್ನ ನೋಡ್ಕೋತ ರೊಟ್ಟಿ ಕರಿ ಮಾಡ್ತೀಯಲ್ಲ," ಎಂದು ಪಕ್ಕದ ರೇಷ್ಮಾ ಚುಡಾಯಿಸಿದಳು.

"ನನ್ನ ಗಂಡ, ನಾ ನೋಡ್ತೇನಿ. ನಿನ್ನವ ನೋಡೂಹಂಗಿದ್ರ ನೀನೂ ನೋಡು."

ಹೆಂಗಸರು ನಕ್ಕರು. ಅಷ್ಟರಲ್ಲಿ ಪೆಂಡಾಲಿನ ಪಂಕ ನಿಂತವು, ಊರಲ್ಲಿ ಮುಂಜಾನೆಯೇ ಹೋಗಿದ್ದ ಕರೆಂಟ್ ಈಗ ಲೇಔಟಿನಲ್ಲೂ ಹೋಯಿತು. ಒಳಗಿನಿಂದ ಗಿರಿಮಲ್ಲಪ್ಪನ ದನಿ: "ನವೀನಾ, ಹಚ್ಚು ಲೇ." ಒಂದು ಗಳಿಗೆಯಲ್ಲಿ ಬಂಗಲೆಯ ತೂಗುದೀಪದ ಝೂಮರು, ಎಸಿ, ಕಾರಂಜಿ, ಮಾಳಿಗೆಯ ಮೇಲಿನ ಸ್ಪೀಕರು ಎಲ್ಲ ಒಟ್ಟಿಗೆ ಎದ್ದವು. ಒಳಗೆ ಚಪ್ಪಾಳೆ. ಸ್ಪೀಕರಿನ ಭಜನೆಗೆ ಹಿತ್ತಲಿನ ಕೊಡಗಳು ನಡುಗುತ್ತಿದ್ದವು.

ಭೀಮಶಿ ನಿಚ್ಚಣಿಕೆಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ.

ಮಾಲಾ ಹಿಟ್ಟಿನ ಕೈಯಲ್ಲೇ ಎದ್ದು ವರಾಂಡಕ್ಕೆ ಬಂದು ಮೇನ್ ಸ್ವಿಚ್ ನೋಡಿದಳು. ಹಿಡಿಕೆ ಮೇಲೇ ಇತ್ತು. ಅದಕ್ಕೆ ಅರಿಷಿಣ, ಕುಂಕುಮ, ಸೇವಂತಿಗೆಯ ಮಾಲೆ. ಕೆಳಗೆ ಒಡೆದ ಕಾಯಿ. ಬದಿಗೆ ಕುರ್ಚಿ ಹಾಕಿಕೊಂಡು ಸಾವಕಾರನ ತಾಯಿ ಶಿವವ್ವ ಕಾವಲು ಕೂತಿದ್ದಳು.

"ಅವ್ವಾರ, ಮೇನ್ ಆಫ್ ಮಾಡಿಲ್ರಿ?"

"ಹುಚ್ಚಿ ಅದಿಯೇನ? ಮನಿಗೆ ಲಕ್ಷ್ಮಿ ಬರೂದ ಇದರಾಗಿಂದ. ದೀಪ ಹಚ್ಚಿದ ದಿನ ಆಕಿನ್ನ ಕೆಳಗ ಜಗ್ಗತಾರೇನ? ನಾ ಬ್ಯಾಡಂದೀನಿ."

ಮಾಲಾ ಕಂಬದ ಕಡೆ ತಿರುಗಿ ಕೂಗಿದಳು. ಭಜನೆ ಅವಳ ದನಿಯನ್ನು ನುಂಗಿತು. ಭೀಮಶಿ ಇನ್ನೂ ಎರಡು ಮೆಟ್ಟಿಲು ಹತ್ತಿದ, ಈ ಕಡೆ ನೋಡಲಿಲ್ಲ. ಬಾಗಿಲಲ್ಲಿ ಅತಿಥಿಗಳನ್ನು ಕರೆಯುತ್ತ ನಿಂತಿದ್ದ ಗಿರಿಮಲ್ಲಪ್ಪನ ಮುಂದೆ ಹೋದಳು.

"ಸಾವಕಾರ್ರ, ನನ್ನ ಗಂಡ ಕಂಬ ಹತ್ತಾಕತ್ತಾನ್ರಿ. ಮೇನ್ ಮ್ಯಾಲ ಐತ್ರಿ."

"ಗೊತ್ತೈತಿ, ಗೊತ್ತೈತಿ." ದನಿ ತಗ್ಗಿಸಿದ, ನಗು ತಗ್ಗಿಸಲಿಲ್ಲ. "ಅವ್ವ ಪೂಜಿ ಮಾಡ್ಯಾಳ. ಪಾದಪೂಜಿ ಒಂದ ಮುಗೀಲಿ. ಅಲ್ಲೀತನ ಅವಗ ಕೆಳಗ ನಿಂದ್ರ ಅನ್ನು. ಫೋನ್ ಹಚ್ಚು."

"ಫೋನ್ ಕೆಳಗ ಚೀಲದಾಗ ಇಟ್ಟ ಹತ್ತತಾನ್ರಿ."

"ಅದಕ್ಕ ನಾ ಏನ ಮಾಡ್ಲಿ? ಹೋಗು, ಮಂದಿ ಮುಂದ ಅವತಾರ ತಗೀಬ್ಯಾಡ."

ಅಮಂಗಳದ ಮಂಗಳವಾರವನ್ನು ಒಂದು ಇನ್ವರ್ಟರ್ ಕೊಟ್ಟು ಶುಭ ಮಾಡಿದ ಮನೆತನ ಅದು. ಗೇಣುದ್ದದ ಹಿಡಿಕೆಯೊಂದನ್ನು ಕೆಳಗೆ ಎಳೆಯಲು ಮಾತ್ರ ಅದಕ್ಕೆ ಶಾಸ್ತ್ರ ಅಡ್ಡ ಬಂತು. ಶಾಸ್ತ್ರ ಇವರಿಗೆ ಬಾಗುವುದು ಯಾವಾಗ, ಬಾಗದಿರುವುದು ಯಾವಾಗ ಎಂದು ತಿಳಿಯಬೇಕಾದರೆ ಪಂಚಾಂಗ ನೋಡಬೇಕಿಲ್ಲ. ಆ ಹೊತ್ತಿನಲ್ಲಿ ಕಂಬದ ಮೇಲೆ ಯಾರ ಮಗ ಇದ್ದಾನೆಂದು ನೋಡಿದರೆ ಸಾಕು.

ಮಾಲಾ ಇನ್ನು ಯಾರನ್ನೂ ಕೇಳಲಿಲ್ಲ. ವರಾಂಡಕ್ಕೆ ಬಂದಳು. ಶಿವವ್ವ ಕುರ್ಚಿಯಿಂದ ಎದ್ದು ಕೈ ಅಡ್ಡ ಮಾಡುವಷ್ಟರಲ್ಲಿ ಹಿಡಿಕೆಯನ್ನು ಹಿಡಿದು ಪೂರಾ ಕೆಳಗೆ ಎಳೆದುಬಿಟ್ಟಳು. ಮಾಲೆ ಹರಿದು ಹೂವು ಗ್ರಾನೈಟಿನ ಮೇಲೆ ಚೆಲ್ಲಿದವು.

"ಅಯ್ಯಯ್ಯ, ಮನಿ ಹಾಳ ಮಾಡಿದಳು," ಎಂದು ಶಿವವ್ವ ಕೂಗಿಕೊಂಡಳು. ಒಳಗಿನವರು ಹೊರಗೆ ಬಂದರು. ಅಯ್ಯನವರು ತೊಳೆಸಿಕೊಂಡ ಹಸಿಗಾಲಲ್ಲೇ ಬಂದರು.

ಬಂದವರೆಲ್ಲ ಮೊದಲು ಮಾಲಾಳನ್ನು ನೋಡಿದರು, ಆಮೇಲೆ ತಲೆ ಎತ್ತಿ ದೀಪ ನೋಡಿದರು. ಝೂಮರು ಉರಿಯುತ್ತಿತ್ತು. ಎಸಿ ಗುಂಯ್‌ಗುಡುತ್ತಿತ್ತು. ಕಾರಂಜಿಯ ಒಂದು ಹನಿ ಕಡಿಮೆಯಾಗಿರಲಿಲ್ಲ. ಆಗುವುದಾದರೂ ಹೇಗೆ? ಮನೆಗೆ ಕರೆಂಟ್ ಬರುತ್ತಿದ್ದದ್ದು ಟ್ರಕ್ಕಿನಿಂದ. ಆ ಹಿಡಿಕೆ ಮೇಲಿದ್ದರೆ ಅವರಿಗೆ ಸಿಗುವುದು ಏನೂ ಇರಲಿಲ್ಲ, ಕೆಳಗಿದ್ದರೆ ಕಳೆಯುವುದು ಏನೂ ಇರಲಿಲ್ಲ. ಅಂಥ ಏನೂ ಅಲ್ಲದ್ದಕ್ಕೆ ಒಬ್ಬನ ಜೀವ ಒತ್ತೆ ಇಟ್ಟಿದ್ದರು.

ನಾಚಿಕೆ ಇದ್ದವನಾದರೆ ಅಲ್ಲೇ ತಲೆ ತಗ್ಗಿಸುತ್ತಿದ್ದ. ಗಿರಿಮಲ್ಲಪ್ಪ ಎರಡೂ ಕೈ ಮೇಲೆತ್ತಿದ.

"ನೋಡಿದ್ರೇನ್ರಿ? ಮೇನ್ ತಗದೇತಿ, ಒಂದ ಬಲ್ಬ್ ಆರಿಲ್ಲ. ಇದಕ್ಕ ಅಂತಾರ ಸ್ವಂತ ಕರೆಂಟ್. ನಮ್ಮ ಮನಿಗೆ ಇನ್ನ ಕಂಬದ ಹಂಗ ಇಲ್ರಿ."

ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಬಾದಾಮಿ ಹಾಲಿನ ಲೋಟ ಬಗಲಿಗೆ ಒತ್ತಿಕೊಂಡು ತಟ್ಟಿದರು. ಕರೆಂಟಿಲ್ಲದೆ ಮಗ್ಗ ಬಿಟ್ಟು ಬಂದ ನೇಕಾರರೂ ತಟ್ಟಿದರು. ಅದೇ ಟ್ರಕ್ಕಿನ ಹೆಸರಿನಲ್ಲಿ ಫೋಟೊಗೆ ನಿಂತವರ ಕೈಗಳೂ ಅದರಲ್ಲಿದ್ದವು. ಇದನ್ನು ಬರೆಯಲು ನನಗೆ ಖುಷಿಯಿಲ್ಲ, ಆದರೆ ತಟ್ಟಿದ್ದು ಖರೆ.

"ಆತಲ್ಲ ಯವ್ವಾ, ಇನ್ನ ಮ್ಯಾಲ ಮಾಡು," ಎಂದಳು ಶಿವವ್ವ.

"ಇಲ್ರಿ. ಅವ ಕೆಳಗ ಇಳೀಲಿ."

ಮಾಲಾ ಹಿಡಿಕೆ ಬಿಡಲಿಲ್ಲ. ಕೈಯ ಹಿಟ್ಟು ಒಣಗಿ ಬಿರಿಯಿತು. ಶಿವವ್ವ ಮೊಣಕೈ ಜಗ್ಗಿ ನೋಡಿದಳು. ಫೋಟೊದವನು ಈಕೆಯನ್ನು ಬಿಟ್ಟು ತೆಗೆಯಲು ಎಡಕ್ಕೆ ಬಲಕ್ಕೆ ಸರಿದ. ಮೊದಲ ಪಂಕ್ತಿ ಕೂತಿತು, ಎದ್ದಿತು, ಎರಡನೆಯದು ಕೂತಿತು. ಹೋಳಿಗೆ, ತುಪ್ಪ, ಎಣಗಾಯಿ ಅವಳ ಮುಂದಿನಿಂದಲೇ ಹಾದುಹೋದವು. ಉಂಡವರು ಅವಳನ್ನು ಬಳಸಿಕೊಂಡು ಕೈ ತೊಳೆಯಲು ಹೋದರು, ಮನೆಯ ನಡುವೆ ಒಂದು ಕಂಬ ಇದ್ದಂತೆ.

ಗಿರಿಮಲ್ಲಪ್ಪ ಹತ್ತಿರ ಬಂದು ಹಲ್ಲು ಕಚ್ಚಿ ಎಂದ: "ಲೇ, ಛಲೋ ಸೀರಿ ಕೊಡ್ತೇನಿ. ಕೈ ತಗಿ. ಮಂದಿ ನೋಡಾಕತ್ತಾರ."

"ಆ ಸೀರಿ ಅವ್ವಾರಿಗೆ ಉಡಸ್ರಿ. ನಾ ಇಲ್ಲೇ ಆರಾಮ ಅದೀನಿ."

"ನಾಳಿಂದ ನಿನ್ನ ಗಂಡಗ ಕೆಲಸ ಇರಬೇಕೋ ಬ್ಯಾಡೋ?"

"ಇವತ್ತ ಗಂಡ ಇರಬೇಕಲ್ರಿ ಮೊದಲ."

ಮಧ್ಯಾಹ್ನ ಹೊರಳಿದ ಮೇಲೆ ಭೀಮಶಿ ಗೇಟು ದಾಟಿ ಒಳಗೆ ಬಂದ. ಭುಜದ ಮೇಲೆ ಹಗ್ಗದ ಸುತ್ತು, ಅಂಗಿ ಬೆನ್ನಿಗೆ ಅಂಟಿತ್ತು. ತಂತಿ ಎಳೆದು ಮುಗಿದಿತ್ತು, ಕೊನೆಯ ಕಂಬದಲ್ಲಿ ಬಿಚ್ಚಿಟ್ಟ ಬಂಗಲೆಯ ತಂತಿ ಮತ್ತೆ ಜೋಡಿಸುವುದೊಂದೇ ಬಾಕಿ. ಬೆಳಿಗ್ಗೆ ಸಾವಕಾರನ ಮಾತು ನಂಬಿ ಹತ್ತಿದ್ದ, ಜೋಡಿಸುವ ಮೊದಲು ಮಾತ್ರ ಮೇನ್ ಆಫ್ ಇದೆಯೋ ಎಂದು ಕಣ್ಣಾರೆ ನೋಡಿ ಹೋಗಲು ಬಂದಿದ್ದ. ಹೆಂಡತಿ ಅಲ್ಲಿ ನಿಂತದ್ದು ನೋಡಿ ಅವನಿಗೆ ತಿಳಿಯಲಿಲ್ಲ.

"ಯಾರ ಆಫ್ ಮಾಡಿದ್ರು?"

"ನಾವ ಮಾಡಿಸಿದ್ವೋ," ಎಂದ ಗಿರಿಮಲ್ಲಪ್ಪ, ಜನರ ಕಡೆ ಮುಖ ಮಾಡಿ. "ನೀ ನಿನ್ನೆ ಹೇಳಿ ಹೋಗಿದ್ದಿಯಲ್ಲ. ನಿನ್ನ ಹೆಂಡತಿನ್ನ ಕಾವಲ ನಿಲ್ಲಿಸೀವಿ ನೋಡು."

ಮಾಲಾ ಹಿಡಿಕೆಯಿಂದ ಕೈ ತೆಗೆದಳು. ಬೆರಳು ಸೆಟೆದುಕೊಂಡಿದ್ದವು, ಇನ್ನೊಂದು ಕೈಯಿಂದ ಬಿಡಿಸಿಕೊಂಡಳು. ಹಿಡಿಕೆ ಬೆಳಿಗ್ಗೆಯಿಂದ ಮೇಲೆ ಇದ್ದದ್ದನ್ನೂ, ಯಾರು ಏನೆಂದರು ಎಂಬುದನ್ನೂ ಮೆಲ್ಲಗೆ, ಒಂದೊಂದಾಗಿ ಗಂಡನಿಗೆ ಹೇಳಿದಳು. ಕೊನೆಗೆ ಎಲ್ಲರಿಗೂ ಕೇಳುವಂತೆ ಅಂದಳು:

"ಇವ್ರ ತಂತಿ ಜೋಡಿಸಬ್ಯಾಡ್ರಿ. ಇವ್ರಿಗೆ ಕಂಬದ ಹಂಗ ಬ್ಯಾಡಂತ. ಮಂದಿ ಮುಂದ ಹೇಳ್ಯಾರ. ನಿಮ್ಮ ಸಾಹೇಬ್ರೂ ಕೇಳಿ ಚಪ್ಪಾಳಿ ಹೊಡದಾರ, ಹೌದಲ್ರಿ ಸಾಹೇಬ್ರ?"

ಸಾಹೇಬರು ಎಲೆಯಲ್ಲಿ ಉಳಿದ ಹೋಳಿಗೆಯ ಚೂರನ್ನು ನೋಡತೊಡಗಿದರು. ಅಲ್ಲ ಅಂದರೆ ಚಪ್ಪಾಳೆ ಸುಳ್ಳಾಗುತ್ತದೆ. ಜೋಡಿಸು ಅಂದರೆ, ಲೈನ್ ಮೇಲೆ ಕೆಲಸ ನಡೆದಾಗ ಮೇನ್ ಮೇಲಿಟ್ಟು ಟ್ರಕ್ಕು ಹಚ್ಚಿದ ಮನೆಗೆ ಕರೆಂಟ್ ಕೊಡಿಸಿದ ಹೊಣೆ ತಮ್ಮ ಮೈಮೇಲೆ ಬರುತ್ತದೆ, ಅದೂ ಇಷ್ಟು ಮಂದಿಯ ಮುಂದೆ. ಅವರು ಏನೂ ಅನ್ನಲಿಲ್ಲ. ಹುದ್ದೆ ಬಂದಂದಿನಿಂದ ಅವರಿಗೆ ಪೂರಾ ಕೈಹತ್ತಿದ ಕೆಲಸ ಅದೊಂದೇ.

ಭೀಮಶಿ ಹಗ್ಗದ ಸುತ್ತನ್ನು ಭುಜದ ಮೇಲೆ ಸರಿಮಾಡಿಕೊಂಡ.

"ನಡಿ," ಎಂದ ಹೆಂಡತಿಗೆ.

ಅವರು ಹೋಗಿ ನಿಚ್ಚಣಿಕೆ ಇಳಿಸಿ, ಹಗ್ಗ ಸುತ್ತಿ, ಗಾಡಿಗೆ ಕಟ್ಟಿಕೊಂಡರು. ಸಂಜೆ ಹೊತ್ತಿಗೆ ಊರಿಗೆ ಲೈನ್ ಬಂತು, ಓಣಿಗಳಲ್ಲಿ ಮಗ್ಗ ಖಟಖಟ ಎದ್ದವು. ಕೊನೆಯ ಕಂಬದಲ್ಲಿ ಬಂಗಲೆಯ ತಂತಿ ಗಾಳಿಗೆ ಜೋತಾಡುತ್ತಿತ್ತು. ಒಳಗೆ ಎಸಿ ಇನ್ನೂ ನಡೆದಿತ್ತು, ಗಿರಿಮಲ್ಲಪ್ಪ ಕೊನೆಯ ಅತಿಥಿಗಳಿಗೆ ಸ್ವಂತ ಕರೆಂಟಿನ ಕಥೆಯನ್ನು ಮತ್ತೊಮ್ಮೆ ಹೇಳುತ್ತಿದ್ದ. ಆಗ ನವೀನ ಬಾಗಿಲಲ್ಲಿ ನಿಂತು ಕೇಳಿದ:

"ಸಾವಕಾರ್ರ, ಬ್ಯಾಟರಿ ಇಳಿದೈತ್ರಿ. ಗಾಡಿಗಿ ಇನ್ನ ಚಾರ್ಜ್ ಎಲ್ಲಿ ಹಚ್ಚೂದ್ರಿ?"